ರಸದ ಮೇಲಿದ್ದ ಅಕ್ಕ

ಸಲಗರೆ
22 ಸೆಪ್ಟೆಂಬರ್ 2024

ಅಕ್ಕ ಕಮಲಾಬಾಯಿಗೆ ತಂಗಿ ಸುನಂದಾಳ ಜೈ ಜಿನೇಂದ್ರ.

ನಾವೆಲ್ಲ ಕ್ಷೇಮ ಎಂದು ಬರೆದು ನಿಮ್ಮ ಕ್ಷೇಮ ತಿಳಿಸಿ ಎನ್ನುವುದು ಪದ್ಧತಿ. ನಾನು ಸೀದಾ ಕೇಳುತ್ತೇನೆ: ನೀನು ಇನ್ನೂ ಇದ್ದೀಯಾ? ಒಂಬತ್ತು ವರ್ಷದ ಮೇಲೆ ಬರೆದ ಮೊದಲ ಪತ್ರದಲ್ಲಿ ಇದೇನು ಅಪಶಕುನ ಎಂದು ಬೈಯಬೇಡ. ಬೈಯುವಷ್ಟು ತ್ರಾಣ ಉಳಿದಿದ್ದರೆ ಬೈ, ನನಗೂ ಸಮಾಧಾನವಾಗುತ್ತದೆ.

ನಮ್ಮ ತೋಟದ ಪಕ್ಕದ ಸಿದರಾಯ ಮೊನ್ನೆ ಒಣದ್ರಾಕ್ಷಿ ಮಾರಲು ಸಾಂಗ್ಲಿ ಪೇಟೆಗೆ ಹೋಗಿದ್ದ. ತಿರುಗಿ ಬಂದವನು ತನ್ನ ಮನೆಗೂ ಹೋಗದೆ ನಮ್ಮ ಪಡಸಾಲೆಗೆ ಬಂದ. ನನಗೆ ಈಗ ಕಿವಿ ಪೂರಾ ಹೋಗಿವೆ. ಫೋನು ಹಚ್ಚಿಕೊಟ್ಟರೆ ಗಾಳಿ ಬೀಸಿದ ಹಾಗೆ ಕೇಳುತ್ತದೆ, ಅದಕ್ಕೇ ಈ ಕಾಗದ. ಅವನು ಕಿವಿಯ ಹತ್ತಿರ ಬಾಯಿಟ್ಟು ಕೂಗಿದ. "ಸುನಂದಕ್ಕಾ, ನಿಮ್ಮ ಅಕ್ಕಾರು ಅನ್ನಾ ಬಿಟ್ಟಾರಂತ್ರಿ. ಬರೇ ಹಣ್ಣಿನ ರಸದ ಮ್ಯಾಲ ಅದಾರಂತ. ಸಾಂಗ್ಲಿವಾಡ್ಯಾಗ ಮಂದಿ ಸಾಲ ಹಚ್ಚಿ ಪಾದಾ ಮುಟ್ಟಾಕ ಹತ್ಯಾರ."

ನಮ್ಮವರಲ್ಲಿ ವಯಸ್ಸಾದವರು ಅನ್ನ ಬಿಟ್ಟು ರಸಕ್ಕೆ ಇಳಿದರು ಎಂದರೆ ಅದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಅನ್ನ, ಆಮೇಲೆ ಹಾಲು, ಆಮೇಲೆ ರಸ, ಕಡೆಗೆ ಬರೀ ನೀರು. ಆಮೇಲೆ ಅದೂ ಬೇಡ ಎಂದು ಶಾಂತವಾಗಿ ದೇಹ ಬಿಡುವುದು. ಸಲ್ಲೇಖನ. ನಮ್ಮ ಅವ್ವ ಹೋದ ದಾರಿ.

ಆ ದಾರಿಗೆ ನೀನು ಏನಂದಿದ್ದೆ ಎಂಬುದು ನಿನಗೆ ಮರೆತಿರಬಹುದು. ನನಗೆ ಕಿವಿ ಹೋದರೂ ಆ ಮಾತು ಇನ್ನೂ ಕೇಳಿಸುತ್ತದೆ. ಅವ್ವನನ್ನು ಇನ್ನೂ ಎತ್ತಿರಲಿಲ್ಲ. ಊರ ಮಂದಿ ಅಂಗಳದಲ್ಲಿ ನಿಂತಿದ್ದರು. ನೀನು ಬಂದವಳೇ, "ಮಿರಜದಾಗ ಇಷ್ಟ ದವಾಖಾನಿ ಇದ್ದೂ ಒಂದ ತಾಟ ಅನ್ನಾ ಉಳಸಾಕ ಅವ್ವನ್ನ ಉಪಾಸ ಕೆಡವಿದಿ" ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ನಿನ್ನ ಹೊಸ್ತಿಲು ತುಳಿದಿಲ್ಲ, ತುಳಿಯುವುದೂ ಇಲ್ಲ. ಮೊನ್ನೆ ಕ್ಷಮಾವಾಣಿಯ ದಿನ ತಿಳಿದೋ ತಿಳಿಯದೆಯೋ ಆದ ತಪ್ಪು ಮನ್ನಿಸಿರೆಂದು ಊರವರಿಗೆಲ್ಲ ಕೈ ಮುಗಿದೆ. ನಿನ್ನ ನೆನಪಿಗೆ ಮಾತ್ರ ಕೈ ಏಳಲಿಲ್ಲ.

ಈಗ ಅದೇ ದಾರಿಗೆ ನೀನೇ ಇಳಿದಿದ್ದೀಯಂತೆ. ನಿಜವೋ ಸುಳ್ಳೋ ನೀನೇ ಬರೆ. ನಿನ್ನ ಮನೆಯಲ್ಲಿ ಕನ್ನಡ ಓದಲು ಬರುವವರು ನಿನ್ನನ್ನು ಬಿಟ್ಟು ಯಾರೂ ಇಲ್ಲ, ಏನು ಬೇಕಾದರೂ ಬರೆಯಬಹುದು.

ಸುನಂದಾ


ಸಾಂಗ್ಲಿವಾಡಿ
27 ಸೆಪ್ಟೆಂಬರ್ 2024

ಸುನಂದಾ,

ಇದ್ದೇನೆ. ಬೈಯುವಷ್ಟು ತ್ರಾಣವೂ ಇದೆ. ಸಿದರಾಯನ ಬಾಯಿಗೆ ಬೀಗ ಹಾಕು ಮೊದಲು.

ಪೋಸ್ಟಿನವನು ನಿನ್ನ ಕಾಗದ ಕೊಟ್ಟಾಗ ಅಕ್ಷರ ನೋಡಿಯೇ ಗುರುತು ಹಿಡಿದೆ. ಕನ್ನಡ ಶಾಲೆಯಲ್ಲಿ ಮಾಸ್ತರರು ಎಷ್ಟು ಹೊಡೆದರೂ ನಿನ್ನ ಸಾಲು ಮೇಲಕ್ಕೇ ಏರುತ್ತಿತ್ತು, ಈಗಲೂ ಏರುತ್ತದೆ. ಒಡೆಯುವ ಮೊದಲು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಕುಳಿತೆ.

ನಡೆದದ್ದು ಇಷ್ಟೇ. ಎಲ್ಲ ನನ್ನ ಮೊಣಕಾಲಿನ ಪ್ರತಾಪ. ಈ ಮಳೆಗಾಲದಲ್ಲಿ ಎದ್ದರೆ ಕೂರಲಾಗದು, ಕೂತರೆ ಏಳಲಾಗದು. ಸೊಸೆ ಹರ್ಷದಾ ಮಿರಜಿನಲ್ಲಿ ಒಬ್ಬ ನಿಸರ್ಗೋಪಚಾರದ ಡಾಕ್ಟರನ ಬಳಿ ಕರೆದುಕೊಂಡು ಹೋದಳು. ಕೇತನ ಎಂದು ಹೆಸರು, ಎಳೆ ಹುಡುಗ, ಮಾತು ಮಾತ್ರ ಹಿರಿಯರದು. "ಅಜ್ಜಿ, ನಿಮ್ಮ ಮೊಣಕಾಲಿಗೆ ಬ್ಯಾನಿ ಇಲ್ಲ, ಭಾರ ಐತಿ. ಎಂಟ ದಿನಾ ಬರೇ ರಸಾ ಕುಡೀರಿ, ಆಮ್ಯಾಲ ಗಂಜಿ ಸುರು ಮಾಡೂನು" ಅಂದ. ಗಜ್ಜರಿ, ಬೀಟ್‌ರೂಟ್ ಎಂದೂ ಬರೆದುಕೊಟ್ಟಿದ್ದ. ನೆಲದೊಳಗೆ ಬೆಳೆದದ್ದು ನಮಗೆ ನಡೆಯುವುದಿಲ್ಲಪ್ಪಾ ಎಂದು ಅವನ್ನು ಹೊಡೆದು ಹಾಕಿಸಿದೆ. ಉಳಿದದ್ದು ಸೋರೆಕಾಯಿ, ಬೂದುಗುಂಬಳ, ಮೋಸಂಬಿ, ದಾಳಿಂಬೆ. ಹೊತ್ತು ಮುಳುಗುವ ಮೊದಲು ಎಷ್ಟು ಸಲ ಕುಡಿದರೂ ಸರಿ.

ಅವನು ಹೇಳಿದ ಎಂಟು ದಿನ ಮುಗಿಯುವ ಹೊತ್ತಿಗೆ ದಶಲಕ್ಷಣ ಪರ್ವ ಬಂತು. ಓಣಿಯೆಲ್ಲ ಉಪವಾಸ ಇರುವಾಗ ನಾನೊಬ್ಬಳು ಗಂಜಿಯ ಬಟ್ಟಲು ಹಿಡಿದು ಕೂರುವುದು ಹೇಗೆ? ಮೊಣಕಾಲೂ ಹಗುರಾಗಿತ್ತು. ಪರ್ವ ಮುಗಿಯುವ ತನಕ ಇರಲಿ ಎಂದು ರಸವನ್ನೇ ಮುಂದುವರಿಸಿದೆ. ಕ್ಷಮಾವಾಣಿಯ ದಿನ ಬಸದಿಗೆ ಹೋದೆ. ನನ್ನ ಮೈದುನ ಆದಪ್ಪ ಈಗ ಬಸದಿಯ ಪಂಚರಲ್ಲಿ ಮುಖ್ಯ. ಅವನ ಹೆಂಡತಿ, ಏನಕ್ಕಾ ಇಷ್ಟು ಇಳಿದಿದ್ದೀರಿ, ಏನು ತಗೋತೀರಿ ಎಂದು ಕೇಳಿದಳು. ಬರೇ ರಸ ಎಂದೆ. ಅಷ್ಟೇ ನೋಡು ನಾನು ಆಡಿದ್ದು.

ಮರುದಿನ ಮುಂಜಾನೆ ಬಾಗಿಲು ತೆಗೆದರೆ ಮಂದಿ. ಮೊಣಕಾಲಿಗಾಗಿ ಎಂದು ಬಾಯಿಬಿಟ್ಟು ಹೇಳಿದೆ. ಆದಪ್ಪ ಕೈ ಮುಗಿದು, "ಖರೇ ವ್ರತಾ ಹಿಡದವರು ಹಿಂಗ ಮುಚ್ಚಿಡತಾರ್ರಿ, ವೈನಿ" ಅಂದ. ಅಲ್ಲವೋ ಎಂದಷ್ಟೂ ಅವರ ಭಕ್ತಿ ಏರಿತು. ಇಪ್ಪತ್ತು ವರ್ಷದಿಂದ ನನ್ನ ಕಂಡರೆ ರಸ್ತೆ ಬದಲಿಸುತ್ತಿದ್ದ ಮಾಧವನಗರದ ಬೀಗಿತ್ತಿ ಆಟೋ ಮಾಡಿಕೊಂಡು ಬಂದು ಕಾಲು ಹಿಡಿದು ಅತ್ತಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಅವಳ ತಲೆ ಸವರಿದೆ.

ಇನ್ನು ನಾಲ್ಕು ದಿನ ನೋಡಿ ಬಿಡುತ್ತೇನೆ. ನೀನು ನಿನ್ನ ಕಿವಿಗೆ ಎಣ್ಣೆ ಹಾಕಿಕೋ.

ಕಮಲಾ


ಸಲಗರೆ
1 ಅಕ್ಟೋಬರ್ 2024

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಮೊಮ್ಮಗ ಶ್ರೇಯಸ ಗಾಬರಿಯಾಗಿ ಓಡಿ ಬಂದ, ಅಜ್ಜಿ ಒಬ್ಬಳೇ ನಗುವುದನ್ನು ಅವನು ಕಂಡಿರಲಿಲ್ಲ. ಎರಡನೇ ಸಲ ಓದಿದಾಗ ನಗು ಬರಲಿಲ್ಲ.

ಮೊಣಕಾಲು ಹಗುರಾಯಿತು, ಪರ್ವ ಮುಗಿಯಿತು, ಡಾಕ್ಟರ್ ಹೇಳಿದ ಗಡುವೂ ಮುಗಿಯಿತು. ಮತ್ತೆ ಯಾವುದಕ್ಕೆ ಕಾಯುತ್ತಿದ್ದೀ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನಿನಗಾಗಿಯೇ ಹುಟ್ಟಿದ ಹಾಗಿದೆ. ನಾಲ್ಕು ದಿನ ಎಂದು ಬರೆದಿದ್ದೆಯಲ್ಲ, ಈ ಕಾಗದ ಮುಟ್ಟುವಾಗ ಅದೂ ಮುಗಿದಿರುತ್ತದೆ. ಅಕ್ಕಿ ತೊಳೆದು ಗಂಜಿಗೆ ಇಡಲು ಹರ್ಷದಾಳಿಗೆ ಹೇಳು. ಗಂಜಿ ಕುಡಿದೆ ಎಂದು ಒಂದೇ ಸಾಲು ಬರೆ, ಸಾಕು.

ಸುನಂದಾ


ಸಾಂಗ್ಲಿವಾಡಿ
6 ಅಕ್ಟೋಬರ್ 2024

ಸುನಂದಾ,

ಗಂಜಿ ಕುಡಿದಿಲ್ಲ.

ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಬೇರೆ ಯಾರಿಗೆ ಹೇಳಲಿ? ನನ್ನ ಸುತ್ತ ಈಗ ಕಾಲಿಡಲು ಜಾಗವಿಲ್ಲದಷ್ಟು ಮಂದಿ ಇದ್ದಾರೆ. ಹೇಳಿಕೊಳ್ಳಲು ಒಬ್ಬರೂ ಇಲ್ಲ.

ಶ್ರೇಣಿಕನ ವಿಷಯ ಕೇಳು. ನನ್ನ ಮಗ ಕೆಟ್ಟವನಲ್ಲ. ಸಾಂಗ್ಲಿ ಪೇಟೆಯಲ್ಲಿ ಅರಿಷಿಣದ ಅಡತಿ ಅಂಗಡಿ, ಮುಂಜಾನೆ ಸೇತುವೆ ದಾಟಿ ಹೋದರೆ ಹೊತ್ತು ಮುಳುಗುವ ಮೊದಲು ಉಣ್ಣಲು ಬರುತ್ತಾನೆ, ಮೊಬೈಲು ನೋಡುತ್ತ ಉಣ್ಣುತ್ತಾನೆ, ಮಾಳಿಗೆ ಏರುತ್ತಾನೆ. ನನ್ನ ಕೋಣೆ ಮೆಟ್ಟಿಲ ಪಕ್ಕದಲ್ಲೇ ಇದೆ. ದಿನವೂ ಅವನ ಹೆಜ್ಜೆ ಬಾಗಿಲ ಮುಂದೆ ಹಾದು ಹೋಗುವುದನ್ನು ಕೇಳುತ್ತಿದ್ದೆ. ಈಗ ಅದೇ ಶ್ರೇಣಿಕ ಸಂಜೆ ನನ್ನ ಹಾಸಿಗೆಯ ತುದಿಯಲ್ಲಿ ಕುಳಿತು ಮರಾಠಿಯಲ್ಲಿ ಸ್ತೋತ್ರ ಓದುತ್ತಾನೆ. ಓದುತ್ತ ಓದುತ್ತ ಒಂದು ಕೈ ನನ್ನ ಪಾದದ ಮೇಲೆ ಇಟ್ಟುಕೊಳ್ಳುತ್ತಾನೆ. ಅವನು ಚಿಕ್ಕವನಿದ್ದಾಗ ಜ್ವರ ಬಂದರೆ ಹಾಗೆ ನನ್ನ ಸೆರಗು ಹಿಡಿದು ಮಲಗುತ್ತಿದ್ದ. ಮೊಮ್ಮಗಳು ಋತುಜಾ ಕಾಲೇಜಿನಿಂದ ಬಂದವಳೇ ನನ್ನ ತಲೆ ಬಾಚುತ್ತಾಳೆ. ಸುನಂದಾ, ನಾನು ಒಂದು ಬಟ್ಟಲು ಗಂಜಿ ಕುಡಿದರೆ ಇದೆಲ್ಲ ಅದೇ ದಿನ ಮುಗಿಯುತ್ತದೆ. ಮತ್ತೆ ಹೆಜ್ಜೆ ಎಣಿಸುತ್ತ ಕೂರಬೇಕು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಕೇತನ ಡಾಕ್ಟರನಿಗೆ ಸುಳ್ಳು ಹೇಳಿದ್ದೇನೆ. ಅವನು ಫೋನು ಮಾಡಿ, "ಅಜ್ಜಿ, ಗಂಜಿ ಸುರು ಮಾಡಿದ್ರಿಲ್ಲೋ? ಇದರ ಮುಂದ ರಸದ ಮ್ಯಾಲ ಇರಬ್ಯಾಡ್ರಿ, ಧೋಕಾ ಐತಿ" ಅಂದ. ಸುರು ಮಾಡೇನಪಾ ಎಂದೆ. ಹರ್ಷದಾಳಿಗೆ ಮಾತ್ರ ಅದು ಸುಳ್ಳೆಂದು ಗೊತ್ತು. ಅವಳು ಶ್ರೇಣಿಕನಿಗೆ ಹೇಳಿದಳು. ಡಾಕ್ಟರ್ ನಿಲ್ಲಿಸು ಎಂದ ಮೇಲೂ ಅವ್ವ ನಿಲ್ಲಿಸಲಿಲ್ಲ ಎಂದರೆ ಮೊಣಕಾಲಿನದು ಬರೀ ನೆಪ, ಮನಸ್ಸಿನಲ್ಲಿ ವ್ರತವೇ ಇದೆ ಎಂದು ಅವನು ತಿಳಿದುಕೊಂಡ. ಅಂದಿನಿಂದ ಮನೆಯಲ್ಲಿ ಒಗ್ಗರಣೆ ಕೂಡ ಬಾಗಿಲು ಮುಚ್ಚಿಕೊಂಡು ಹಾಕುತ್ತಾರೆ, ನನಗೆ ವಾಸನೆ ಬರಬಾರದೆಂದು.

ಈಗ ಆದಪ್ಪ ಒಂದು ದಿನ ಗೊತ್ತು ಮಾಡಿದ್ದಾನೆ. ಶೀಗಿ ಹುಣ್ಣಿಮೆಗೆ ನನ್ನನ್ನು ಬಸದಿಗೆ ಕರೆದೊಯ್ಯುತ್ತಾರೆ. ಅಲ್ಲಿ ಚಾತುರ್ಮಾಸಕ್ಕೆ ನಿಂತಿರುವ ಮುನಿ ಮಹಾರಾಜರ ಮುಂದೆ ನಾನು ವ್ರತ ಬೇಡಬೇಕು. ಅವರು ಒಪ್ಪಿದರೆ ಅಂದಿನಿಂದ ರಸವೂ ಇಲ್ಲ, ನೀರು ಮಾತ್ರ. ಸುದ್ದಿ ಕೊಲ್ಲಾಪುರದ ತನಕ ಹೋಗಿದೆ. ಅತ್ತ ದರಿ, ಇತ್ತ ಪುಲಿ.

ಹಸಿವೆ ಮೊದಲು ಬಹಳ ಇತ್ತು, ಈಗ ಗೊತ್ತೇ ಆಗುವುದಿಲ್ಲ. ನಾಲಿಗೆಗೆ ಬಿಳಿ ಕಟ್ಟಿದೆ. ಎದ್ದು ನಿಂತರೆ ಗೋಡೆ ಹಿಡಿಯಬೇಕು. ಆದರೆ ಮನಸ್ಸು ಒಮ್ಮೊಮ್ಮೆ ಎಷ್ಟು ಹಗುರಾಗುತ್ತದೆಂದರೆ, ಇದೇ ಸರಿಯಿರಬಹುದು, ಎಪ್ಪತ್ತೆರಡಾಯಿತು, ಎಲ್ಲರೂ ಕೈ ಮುಗಿಯುವಾಗಲೇ ಹೋಗಿಬಿಡಬಹುದು ಅನ್ನಿಸುತ್ತದೆ. ಅವ್ವನಿಗೂ ಹೀಗೇ ಆಗಿತ್ತಾ? ನಾನು ಆಗ ಕೇಳಲಿಲ್ಲ, ಬರೀ ಬೈದೆ. ಈಗ ಕೇಳುತ್ತೇನೆ. ಅವಳ ಆ ದಿನಗಳು ಹೇಗಿದ್ದವು, ಬರೆ.

ಕಮಲಾ


ಸಲಗರೆ
9 ಅಕ್ಟೋಬರ್ 2024

ಅಕ್ಕಾ,

ಈ ಒಂದು ಪ್ರಶ್ನೆಗೆ ನಾನು ಒಂಬತ್ತು ವರ್ಷ ಕಾದೆ. ನೀನು ಕೇಳಿದ ಹೊತ್ತು ಮಾತ್ರ ಸರಿಯಿಲ್ಲ. ಆದರೂ ಬರೆಯುತ್ತೇನೆ.

ಅವ್ವನಿಗೆ ಆಗ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಮಿರಜಿನ ದೊಡ್ಡ ಡಾಕ್ಟರು ನೋಡಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ನಿನಗೂ ಹೇಳಿ ಕಳಿಸಿದ್ದೆವು. ನಿನ್ನ ತಲೆಗೆ ಹೋಗಲಿಲ್ಲ. ತಾಯಿ ಸಾಯುತ್ತಾಳೆ ಎಂಬುದು ಯಾವ ಮಕ್ಕಳ ತಲೆಗೂ ಬೇಗ ಹೋಗುವುದಿಲ್ಲ, ಅದಕ್ಕೆ ನಿನ್ನನ್ನು ದೂರುವುದಿಲ್ಲ. ಮನೆಗೆ ಬಂದ ಮೇಲೆ ಅವ್ವ ಎಲ್ಲರನ್ನೂ ಕೂರಿಸಿಕೊಂಡು ತಾನೇ ಹೇಳಿದಳು, ಬಾಡಿಗೆ ಮನೆಯ ಗಡುವು ಮುಗಿದಿದೆ, ಜಗಳವಾಡದೆ ಬಿಡುತ್ತೇನೆ ಎಂದು. ಅನ್ನ ಬಿಟ್ಟಳು.

ಆದರೆ ನಾನು ಒಲೆ ಹೊತ್ತಿಸುವುದನ್ನು ಬಿಡಲಿಲ್ಲ. ದಿನಾ ಮುಂಜಾನೆ ರೊಟ್ಟಿ ಬಡಿದು, ಪಲ್ಯ, ಅನ್ನ, ಸಾರು ಎಲ್ಲ ತಾಟಿನಲ್ಲಿ ಬಡಿಸಿಕೊಂಡು ಅವಳ ಹಾಸಿಗೆಯ ಹತ್ತಿರ ಕುಳಿತು ಕೇಳುತ್ತಿದ್ದೆ, "ಅವ್ವಾ, ಇವತ್ತ ಉಣತೀಯೇನ?" ಮೊದಲ ದಿನ ಮನೆಯವರು ನನ್ನ ಮೇಲೆ ಹರಿಹಾಯ್ದರು. ವ್ರತ ಹಿಡಿದವಳ ಮುಂದೆ ಅನ್ನ ತಂದಿಡುತ್ತೀಯಲ್ಲ, ಎಂಥ ಪಾಪಿ ನೀನು ಎಂದರು. ಅವ್ವನೇ ಅವರನ್ನು ತಡೆದಳು. "ಕೇಳಲಿ ಬಿಡ್ರಿ. ಅಕಿ ಕೇಳಿದ್ರನ ನನಗೂ ಗೊತ್ತಾಗತೈತಿ, ನಂಗ ಒಲ್ಲೆ ಅನ್ನಾಕ ಬರತೈತೋ ಇಲ್ಲೋ ಅಂತ." ಆಮೇಲೆ ನನ್ನ ಕಡೆ ತಿರುಗಿ, "ಒಲ್ಲೆವಾ. ನೀ ಉಣ್ಣು, ನಾ ನೋಡತೇನಿ" ಅನ್ನುತ್ತಿದ್ದಳು.

ನಾನು ಅವಳ ಮುಂದೆ ಕುಳಿತು ಉಣ್ಣುತ್ತಿದ್ದೆ. ಅನ್ನ ಚೆಲ್ಲುವಂತಿಲ್ಲ, ಎದ್ದು ಹೋಗುವಂತಿಲ್ಲ. ಕಣ್ಣೀರು ಸಾರಿನಲ್ಲಿ ಬೀಳುತ್ತಿತ್ತು. ಅವಳು ಮಾತ್ರ ನಾನು ಸಣ್ಣವಳಿದ್ದಾಗ ನೋಡುತ್ತಿದ್ದಂತೆಯೇ ತುತ್ತು ತುತ್ತಿಗೂ ನೋಡುತ್ತಿದ್ದಳು. ನಾನು ಉಳಿಸಿಕೊಂಡೆ ಎಂದು ನೀನು ಅಂದೆಯಲ್ಲ, ಆ ತಾಟು ಇದು. ಒಂದು ದಿನವೂ ಅದು ಬರಿದಾಗಿರಲಿಲ್ಲ.

ಒಂದು ಮುಂಜಾನೆ ಕೇಳಿದಾಗ ಅವಳು ಒಲ್ಲೆ ಅನ್ನದೆ ತಾಟನ್ನೇ ನೋಡಿದಳು. ನನ್ನ ಕೈ ತಾನಾಗಿಯೇ ಅನ್ನ ಕಲೆಸತೊಡಗಿತು. ಹೂಂ ಅಂದಿದ್ದರೆ ಅದೇ ಗಳಿಗೆಯಲ್ಲಿ ಬಾಯಿಗೆ ಇಡುತ್ತಿದ್ದೆ. ಮಹಾರಾಜರು, ಪಂಚರು, ಧರ್ಮ, ಎಲ್ಲ ಆಮೇಲೆ. ಅವಳು ನಕ್ಕು ತಲೆ ಅಲ್ಲಾಡಿಸಿದಳು. ಅಂದು ನನಗೆ ತಿಳಿಯಿತು, ಇದು ಅವಳದೇ, ಯಾರೂ ಹೊರಿಸಿದ್ದಲ್ಲ ಎಂದು. ಆಮೇಲೆ ನಾನು ಅಳಲಿಲ್ಲ.

ಸಲ್ಲೇಖನವನ್ನು ನಾನು ಇಂದಿಗೂ ಕೈ ಮುಗಿದು ಒಪ್ಪುತ್ತೇನೆ. ಅದಕ್ಕೇ ನಿನಗೆ ಇದನ್ನು ಹೇಳುವ ಹಕ್ಕು ನನಗಿದೆ. ನೀನು ಹಿಡಿದಿರುವುದು ಅದಲ್ಲ. ನಿನಗಿರುವುದು ಮೊಣಕಾಲು ನೋವು. ಮಂದಿ ಕಾಲಿಗೆ ಬಿದ್ದರು, ಈಗ ಎದ್ದು ಗಂಜಿ ಕುಡಿಯಲು ನಿನಗೆ ಸಂಕೋಚ. ಸಂಕೋಚಕ್ಕೆ ಪ್ರಾಣ ಕೊಡುವುದನ್ನು ಯಾವ ಶಾಸ್ತ್ರವೂ ವ್ರತ ಎಂದು ಕರೆದಿಲ್ಲ. ಮಹಾರಾಜರು, ನಿನ್ನ ಸ್ವಂತ ಇಚ್ಛೆಯೇ ತಾಯೀ ಎಂದು ಕೇಳಿಯೇ ಕೇಳುತ್ತಾರೆ. ಅವರ ಮುಂದೆಯೂ ಸುಳ್ಳು ಹೇಳುತ್ತೀಯಾ?

ಮತ್ತೊಂದು ಮಾತು. ನಿನ್ನ ಪತ್ರವನ್ನು ಅಕ್ಷರ ಬಿಡದೆ ಮೂರು ಸಲ ಓದಿದೆ. ಪಾದ ಮುಟ್ಟಿದವರಿದ್ದಾರೆ, ಸ್ತೋತ್ರ ಓದಿದವನಿದ್ದಾನೆ, ತಲೆ ಬಾಚಿದವಳಿದ್ದಾಳೆ, ಒಗ್ಗರಣೆಗೆ ಬಾಗಿಲು ಮುಚ್ಚಿದವಳಿದ್ದಾಳೆ. ಉಣ್ಣುತ್ತೀಯಾ ಎಂದು ಕೇಳಿದವರು ಒಬ್ಬರೂ ಇಲ್ಲ. ನಾನು ಓದಿದ್ದು ತಪ್ಪಿದ್ದರೆ ತಿದ್ದು.

ಹಾಗಾದರೆ ನಾನೇ ಕೇಳುತ್ತೇನೆ. ಅಕ್ಕಾ, ಉಣತೀಯೇನ?

ಸುನಂದಾ


ಸಲಗರೆ
15 ಅಕ್ಟೋಬರ್ 2024

ಅಕ್ಕಾ,

ನಿನ್ನ ಉತ್ತರ ಬರಲಿಲ್ಲ. ಪೋಸ್ಟು ತಡವಾಗುತ್ತದೆಂದು ಇದನ್ನು ಸಿದರಾಯನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಡಿದ್ದು ಹುಣ್ಣಿಮೆ.

ಮನೆಯವರು, ಇಷ್ಟು ಚಿಂತೆ ಮಾಡುವ ಬದಲು ನೀನೇ ಹೋಗಿ ಬಾ ಎನ್ನುತ್ತಾರೆ. ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದೆ. ನಾನು ಬಂದು ಕೈ ಹಿಡಿದು ಉಣಿಸಿದರೆ ತಂಗಿ ವ್ರತ ಕೆಡಿಸಿದಳು ಎಂದು ನಿನ್ನ ಮಂದಿ ನನ್ನ ಮೇಲೆ ಹಾಕುತ್ತಾರೆ, ನೀನೂ ಅದರ ಮರೆಯಲ್ಲಿ ನಿಂತುಬಿಡುತ್ತೀ. ಅವ್ವ ಒಲ್ಲೆ ಎಂದಾಗಲೂ ಅವಳ ಬಾಯಿಂದಲೇ ಬಂತು. ಹೂಂ ಎನ್ನುವುದೂ ನಿನ್ನ ಬಾಯಿಂದಲೇ ಬರಬೇಕು. ನೀನು ಹೋದರೆ ನನಗೆ ಜಗಳವಾಡಲು ಈ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ, ಅಷ್ಟನ್ನು ನೆನಪಿಟ್ಟುಕೋ.

ಉಣತೀಯೇನ?

ಸುನಂದಾ


ಮಿರಜ, ದವಾಖಾನೆಯಿಂದ
24 ಅಕ್ಟೋಬರ್ 2024

ಸುನಂದಾ,

ದವಾಖಾನೆ ಎಂದು ನೋಡಿ ಎದೆ ಒಡೆದುಕೊಳ್ಳಬೇಡ. ಎಡಗೈಗೆ ಸಲೈನು ಹಚ್ಚಿದ್ದಾರೆ, ಬಲಗೈ ಬರೆಯುತ್ತಿದೆ. ಅಕ್ಷರ ನಡುಗಿದರೆ ಕ್ಷಮಿಸು, ಈ ಸಲ ಸಾಲು ಏರುತ್ತಿರುವುದು ನನ್ನದು.

ನಿನ್ನ ದೊಡ್ಡ ಕಾಗದಕ್ಕೆ ಉತ್ತರ ಬರೆಯಲು ಕುಳಿತು ಎರಡು ಸಲ ಹರಿದು ಹಾಕಿದೆ. ನೀನು ಓದಿದ್ದು ತಪ್ಪೆಂದು ಬರೆಯಬೇಕೆಂದಿದ್ದೆ. ಯಾರಾದರೂ ಒಬ್ಬರು ಕೇಳಿದ್ದಾರೆಯೇ ಎಂದು ದಿನ ದಿನವನ್ನೂ ಹಿಂದಕ್ಕೆ ನೆನೆದು ನೋಡಿದೆ. ಸಿಗಲಿಲ್ಲ. ಅದಕ್ಕೆ ಸುಮ್ಮನಾದೆ. ಸಿಟ್ಟು ನಿನ್ನ ಮೇಲೆಯೇ ಬಂತು, ಮುಚ್ಚಿಟ್ಟಿದ್ದನ್ನು ಯಾಕೆ ತೆರೆದು ತೋರಿಸಿದೆ ಎಂದು.

ಹುಣ್ಣಿಮೆಯ ಮುಂಜಾನೆ ನನಗೆ ಬಿಳಿ ಸೀರೆ ಉಡಿಸಿ ನಡುಮನೆಯ ಮಂಚದ ಮೇಲೆ ಕೂರಿಸಿದರು. ಮಂದಿ ಅಂಗಳದ ತನಕ ತುಂಬಿದ್ದರು. ಹೆಂಗಸರು ಹಾಡು ಹೇಳುತ್ತಿದ್ದರು. ಹೊರಗೆ ಕಾರಿಗೆ ಹೂವು ಕಟ್ಟಿದ್ದರು, ಮದುವೆಯ ಕಾರಿಗೆ ಕಟ್ಟಿದಂತೆ. ಶ್ರೇಣಿಕ ನನ್ನ ಪಕ್ಕದಲ್ಲಿ ನಿಂತಿದ್ದ, ಕಣ್ಣು ಕೆಂಪಾಗಿದ್ದವು. ನಾನು ಅವನ ಮುಖವನ್ನೇ ನೋಡುತ್ತ ಕುಳಿತೆ. ನಿಜ ಹೇಳುತ್ತೇನೆ ಸುನಂದಾ, ಆ ಗಳಿಗೆಯ ತನಕ ನಾನು ಹೋಗುವುದೆಂದೇ ನಿರ್ಧರಿಸಿದ್ದೆ. ಈಗಲಾದರೂ ಅವನು ಬಾಗಿ, ಅವ್ವಾ ಬೇಡ ಎಂದಾನೇ ಎಂದು ಕಾದೆ. ಅವನು ನನ್ನ ಸೆರಗು ಸರಿಮಾಡಿದ. ಸಿದರಾಯ ತಂದುಕೊಟ್ಟ ನಿನ್ನ ಕಾಗದವನ್ನು ಅದೇ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೆ.

ಆದಪ್ಪ ಕೈ ಎತ್ತಿದ, ಹಾಡು ನಿಂತಿತು. ಅವನು ನನ್ನ ಮುಂದೆ ಕುಳಿತು ಬಹಳ ಮೃದುವಾಗಿ ಕೇಳಿದ, "ವೈನಿ, ಹೊರಡೂ ಮುಂದ ಸಮಾಜಕ್ಕ ಏನರ ಹೇಳೂದೈತೇನ್ರಿ?" ನಾನು ಎಲ್ಲರ ಕ್ಷಮೆ ಕೇಳುತ್ತೇನೆಂದು ಎಲ್ಲರೂ ಆಗಲೇ ಕೈ ಜೋಡಿಸಿದ್ದರು.

"ಐತಿ" ಅಂದೆ. "ನನಗ ಹಸಿವಾಗೇತಿ."

ಯಾರಿಗೂ ತಿಳಿಯಲಿಲ್ಲ. ಆದಪ್ಪ ಇನ್ನಷ್ಟು ಬಾಗಿ, "ಏನಂದ್ರಿ?" ಎಂದ. "ಹಸಿವಾಗೇತೋ ಆದಪ್ಪಾ. ನಾ ಯಾವ ವ್ರತಾನೂ ಹಿಡದಿಲ್ಲ. ಮೊಣಕಾಲ ಬ್ಯಾನಿಗೆ ರಸಾ ಕುಡದೆ, ನಿಮ್ಮ ಮಾರಿ ನೋಡಿ ಬಿಡಾಕ ಆಗಲಿಲ್ಲ. ನನಗ ಉಣ್ಣಬೇಕಾಗೇತಿ" ಅಂದೆ. ಈ ಸಲ ಅಂಗಳದಲ್ಲಿದ್ದವರಿಗೂ ಕೇಳಿಸಿತು.

ಮೊದಲು ಎದ್ದವಳು ಹರ್ಷದಾ. ಅಡಿಗೆಮನೆಗೆ ಓಡಿದಳು, ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಮುದುಕಿಯೊಬ್ಬಳು ನನ್ನ ಕಾಲ ಬಳಿ ಇಟ್ಟಿದ್ದ ಹೂವಿನ ಮಾಲೆಯನ್ನು ಮೆಲ್ಲಗೆ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಆದಪ್ಪ ಎದ್ದು ನಿಂತು, "ಮಹಾರಾಜರಿಗೆ ಏನ ಹೇಳಲಿ? ಊರಿಗೆ ಏನ ಮಾರಿ ತೋರಸಲಿ?" ಎಂದು ಕೇಳಿದ. ಅವನದೂ ತಪ್ಪಲ್ಲ, ಪಾಪ. ಮಾಧವನಗರದ ಬೀಗಿತ್ತಿ ಮಾತ್ರ ಸಿಟ್ಟಿನಿಂದ ಹೊರಗೆ ನಡೆದಳು, ಕಾಲು ಹಿಡಿದದ್ದನ್ನು ವಾಪಸು ಕೇಳಲು ಬರುವಂತಿದ್ದರೆ ಕೇಳುತ್ತಿದ್ದಳೋ ಏನೋ.

ಶ್ರೇಣಿಕ ನಿಂತಲ್ಲೇ ನಿಂತಿದ್ದ. ಸಿಟ್ಟು ಬಂದರೆ ಅವನಿಗೆ ಮರಾಠಿಯೇ ಬರುವುದು. "ಆಧೀ ಕಾ ನಾಹೀ ಸಾಂಗಿತಲಂಸ, ಆಈ?" ಎಂದು ಎಲ್ಲರ ಮುಂದೆ ಕೂಗಿದ. ಮೊದಲೇ ಯಾಕೆ ಹೇಳಲಿಲ್ಲ ಎಂದು.

"ನೀ ಕೇಳಲಿಲ್ಲೋ, ಮಗನ" ಅಂದೆ.

ಅವನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟ. ಅಪ್ಪ ಸತ್ತಾಗಲೂ ಅವನು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಮಂದಿ ಒಬ್ಬೊಬ್ಬರಾಗಿ ಎದ್ದು ಹೋದರು. ಹರ್ಷದಾ ಕೇತನ ಡಾಕ್ಟರನಿಗೆ ಫೋನು ಮಾಡಿದಳು. ಅವನು ನನಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಇಷ್ಟು ದಿನದ ಮೇಲೆ ಒಮ್ಮೆಲೇ ಉಂಡರೆ ಜೀವಕ್ಕೇ ಅಪಾಯ, ಎರಡು ಚಮಚ ಗಂಜಿಯ ತಿಳಿ ಮಾತ್ರ ಕೊಟ್ಟು ಮಿರಜಿಗೆ ತನ್ನಿ ಎಂದನಂತೆ. ಆ ತಿಳಿಯನ್ನು ಶ್ರೇಣಿಕನೇ ತಂದ. ಅವನ ಅವಸರಕ್ಕೆ ಅರ್ಧ ನನ್ನ ಬಿಳಿ ಸೀರೆಯ ಮೇಲೆ ಚೆಲ್ಲಿತು. ಉಳಿದದ್ದು ಒಳಗೆ ಹೋಯಿತು. ಉಪ್ಪು ಹಾಕಿರಲಿಲ್ಲ, ಆದರೂ ಅಂಥ ರುಚಿ ನನ್ನ ಜನ್ಮದಲ್ಲಿ ಕಂಡಿಲ್ಲ. ಹೂವು ಕಟ್ಟಿದ ಅದೇ ಕಾರಿನಲ್ಲಿ ದವಾಖಾನೆಗೆ ಬಂದೆವು.

ರಕ್ತದಲ್ಲಿ ಏನೇನೋ ಇಳಿದಿತ್ತಂತೆ. ಇನ್ನೊಂದು ವಾರ ಕಳೆದಿದ್ದರೆ ತಮ್ಮ ಕೈಯಲ್ಲೂ ಇರುತ್ತಿರಲಿಲ್ಲ ಎಂದು ಇಲ್ಲಿನವರು ಹೇಳಿದರು. ಈಗ ಮೆತ್ತಗಿನ ಅನ್ನಕ್ಕೆ ಬಂದಿದ್ದೇನೆ. ನಾಳೆ ಮನೆಗೆ ಬಿಡುತ್ತಾರೆ.

ಮನೆಯವರನ್ನು ಬಿಟ್ಟು ಸಂಬಂಧಿಕರು ಯಾರೂ ತಾವಾಗಿ ನೋಡಲು ಬರಲಿಲ್ಲ. ಮಹಾರಾಜರು ಮಾತ್ರ ಆದಪ್ಪನ ಮೂಲಕವೇ ಒಂದು ಮಾತು ಕಳಿಸಿದ್ದರು, ತಾಯಿ ನಿಜ ನುಡಿದದ್ದೇ ಅಂದಿನ ದೊಡ್ಡ ತಪಸ್ಸು ಎಂದು. ಆದಪ್ಪ ಅದನ್ನು ಬಾಗಿಲಲ್ಲಿ ನಿಂತೇ ಒಪ್ಪಿಸಿ ಹೋದ. ಶ್ರೇಣಿಕ ಈಗ ಬಂದು ಕುಳಿತು ಸ್ತೋತ್ರ ಓದುವುದಿಲ್ಲ. ಹಬ್ಬದ ದಿನಗಳು, ಅಂಗಡಿಯ ಗದ್ದಲ. ಸಂಜೆ ಸೇತುವೆ ದಾಟುವ ಬದಲು ಸೀದಾ ಮಿರಜಿಗೆ ಬರುತ್ತಾನೆ, ಬಾಗಿಲಲ್ಲೇ ನಿಂತು, "ಉಂಡ್ಯಾ?" ಎಂದು ಕೇಳುತ್ತಾನೆ. ಉಂಡೆ ಎಂದರೆ ಹೋಗುತ್ತಾನೆ. ನನಗೆ ಅಷ್ಟು ಸಾಕು.

ಸುನಂದಾ, ಕ್ಷಮಾವಾಣಿಯ ದಿನ ಎಲ್ಲರೂ ಎಲ್ಲರಿಗೂ ಹೇಳುವಂಥ ಮಾತು ನಿನಗೆ ಹೇಳುವುದಿಲ್ಲ. ಅವ್ವನ ಅಂಗಳದಲ್ಲಿ ನಾನು ಆಡಿದ ಆ ಒಂದು ಮಾತು ಸುಳ್ಳು. ಅದನ್ನು ಊರ ಮುಂದೆ ಆಡಿದ್ದೆ, ಊರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕಾಲು ನೆಟ್ಟಗಾದ ಮೇಲೆ ಸಲಗರೆಗೆ ಬಂದು ಹೇಳುತ್ತೇನೆ. ಅದಕ್ಕೆ ಇನ್ನೂ ತಿಂಗಳಾದರೂ ಬೇಕು, ಅಷ್ಟು ದಿನ ಕಾಯುವ ತಾಳ್ಮೆ ನನಗಿಲ್ಲ.

ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದೀ. ಆಣೆ ನಿನ್ನದು, ಮುರಿ ಎಂದು ನಾನು ಹೇಳುವುದಿಲ್ಲ. ನವೆಂಬರ್ ಮೂರರ ರವಿವಾರ ಅಂಗಳದಲ್ಲಿ ಚಾಪೆ ಹಾಸಿಸಿ, ಎರಡು ತಾಟು ಇಡಿಸಿ ಕುಳಿತಿರುತ್ತೇನೆ. ಬರುವಾಗ ಉಂಡು ಬರಬೇಡ.

ನಿನ್ನ ಅಕ್ಕ
ಕಮಲಾ